ಯಾರ ಮನೆಯ ಯಂತ್ರ?

“ಟ್ಯೂಡರ್ ಕಂಪನಿಯ ಮುಂದಿನ ಕ್ರೋನೋಗ್ರಾಫ್, ಅದೇ ಸ್ಟಾಪ್‌ವಾಚ್ ಇರೋ ಕೈಗಡಿಯಾರ, ತೆಳ್ಳಗಿರಬೇಕು,” ಅಂದ ಸೀನು. “ಈಗಿನ ಬ್ಲ್ಯಾಕ್ ಬೇ ಕ್ರೋನೊ 14 ಮಿಲಿಮೀಟರಿಗಿಂತ ದಪ್ಪ. ಶರ್ಟಿನ ತೋಳಿಗೆ ಸಿಕ್ಕಿಕೊಳ್ಳುತ್ತೆ.”

“ಯಾರ ಶರ್ಟಿಗೆ?”

“ತಗೊಂಡಾಗ ನನ್ನ ಶರ್ಟಿಗೆ. ಮತ್ತೆ ಒಳಗಿನ ಯಂತ್ರ, ಅದೇ ಮೂವ್‌ಮೆಂಟು, ಇನ್-ಹೌಸೇ ಆಗಿರಬೇಕು, ಅಂದರೆ ಕಂಪನಿ ತಾನೇ ಮಾಡಿದ್ದು. ಈಗಿನದರ ಒಳಗಿರೋ ಎಂಟಿ5813 ಥರ.”

ನನಗೆ ಬೇಕಾಗಿದ್ದು ಇದೇ. “ಅದು ಬ್ರೈಟ್ಲಿಂಗ್ ಅನ್ನೋ ಇನ್ನೊಂದು ಕಂಪನಿಯ ಬಿ01 ಯಂತ್ರದ ಮೇಲೆ ಕಟ್ಟಿದ್ದು ಮಾರಾಯ. 2017ರಲ್ಲಿ ಅದು ಇಲ್ಲಿಗೆ ಬಂತು, ಟ್ಯೂಡರಿನ ಎಂಟಿ5612 ಅಲ್ಲಿಗೆ ಹೋಗಿ ಬಿ20 ಆಯಿತು. ಪಕ್ಕದ ಮನೆಗೆ ಕೋಸಂಬರಿ ಕೊಟ್ಟು ಹೋಳಿಗೆ ತಂದ ಹಾಗೆ. ಕಂಪನಿಗಳು ಅದನ್ನೇನೂ ಮುಚ್ಚಿಡಲಿಲ್ಲ. ನಿನ್ನಂಥ ಭಕ್ತರೇ ನೆಂಟರ ಮುಂದೆ ‘ನಮ್ಮನೇಲೇ ಮಾಡಿದ್ದು’ ಅನ್ನೋದು.”

“ಮನೇಲೇ ಮಾಡಿದ್ದು ತಾನೆ?” ಅಂದಳು ಪದ್ದಿ.

“ಹೌದು. ಯಾರ ಮನೆ ಅಂತ ಕೇಳಬಾರದು, ಅಷ್ಟೇ.”

ಸೀನು ಬಿಡಲಿಲ್ಲ. “ದೊಡ್ಡ ಮನೆತನದವರು ಹಾಗೆ ಮಾಡಲ್ಲ. ಓಡೆಮಾರ್ ಪಿಗೆ, ಪಾಟೆಕ್...”

“ಓಡೆಮಾರ್‌ದು 1972ರ ರಾಯಲ್ ಓಕ್, ಪಾಟೆಕ್‌ದು 1976ರ ನಾಟಿಲಸ್, ಎರಡಕ್ಕೂ ಮೂಲ ಮೂವ್‌ಮೆಂಟ್ ಜೆಗರ್-ಲಕೂಲ್ಟ್ರ್ ಅನ್ನೋ ಇನ್ನೊಬ್ಬರದು. ಅವರು ಮಾತ್ರ ತಮ್ಮ ಒಂದು ವಾಚಿಗೂ ಅದನ್ನು ಹಾಕಲಿಲ್ಲ. ಬೀದಿಗೆಲ್ಲ ಬಡಿಸಿದ ಭಟ್ಟರು ಊಟಕ್ಕೇ ಕೂರಲಿಲ್ಲ! ಇನ್ನು ನಿನ್ನ ಟ್ಯೂಡರ್. 1926ರಲ್ಲಿ ಹುಟ್ಟಿದ್ದೇ, ರೋಲೆಕ್ಸ್ ಗಟ್ಟಿತನವನ್ನು ಕಡಿಮೆ ಬೆಲೆಗೆ ಕೊಡೋಣ ಅಂತ. 2015ರವರೆಗೂ ಒಳಗಿದ್ದದ್ದು ಹೊರಗಿನವರ ಯಂತ್ರ. ಅದನ್ನೇ ಕಟ್ಟಿಕೊಂಡು ಫ್ರಾನ್ಸ್ ನೌಕಾಪಡೆಯವರು ಸಮುದ್ರಕ್ಕೆ ಧುಮುಕಿದರು. ನೀರೊಳಗೆ ಮೀನು ಬಂದು ಇನ್-ಹೌಸಾ ಅಂತ ಕೇಳಲಿಲ್ಲ.”

ಸುಬ್ಬು ಯಾವಾಗಲೂ ಖರ್ಚಿನ ಕಡೆಯವನು. “ಕೆಟ್ಟರೆ ಏನು ಗತಿ?”

“ಹೊರಗಿನ ಈಟಿಎ ಕಂಪನಿಯ ಯಂತ್ರ ಆದರೆ ಪಳಗಿದ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅಲ್ಲೇ ಬಿಚ್ಚುತ್ತಾನೆ. ಇನ್-ಹೌಸ್ ಆದರೆ ಬಿಡಿಭಾಗಕ್ಕೆ ಕಂಪನಿ ಬಾಗಿಲಿಗೇ ಹೋಗಬೇಕು. ಸೊಸೆ ಮುನಿಸಿಕೊಂಡರೆ ಬೀಗರನ್ನೇ ಕರೆಸಬೇಕಲ್ಲ!”

“ಆದರೆ 70 ಗಂಟೆ ಪವರ್ ರಿಸರ್ವ್ ಕಣೋ!” ಅಂದ ಸೀನು. “ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡ್ತಿರುತ್ತೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳ್ಳೇ ಗುಣವೇ ಅದು. ಆದರೂ ಬಿಡೋದುಂಟಾ? “ಮೊದಲು ಕಟ್ಟಿಕೋ. ಬಿಚ್ಚಿಡೋದು ಆಮೇಲೆ.”

“ನಮ್ಮಪ್ಪನ ಹತ್ತಿರ ಎಚ್‌ಎಂಟಿ ಜನತಾ ಇತ್ತು,” ಅಂದಳು ಪದ್ದಿ, ಇದ್ದಕ್ಕಿದ್ದ ಹಾಗೆ. “ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಡೋರು. ಕೊನೆಯ ಸುತ್ತು ಬಿಗಿಯಾದಾಗ ಕಿವಿ ಹತ್ತಿರ ಹಿಡಿಯೋರು. ಮಾವ ಮದುವೇಲಿ ಕೊಟ್ಟಿದ್ದಂತೆ.”

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. 1961ರಲ್ಲಿ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕೆಲಸ. ಅಡುಗೆ ಕಲಿಸಿದವರು ಜಪಾನಿನವರು, ಒಲೆ ಜಾಲಹಳ್ಳಿಯದು. 2016ರಲ್ಲಿ ಮುಚ್ಚಲು ಸರ್ಕಾರ ಒಪ್ಪಿತು. ಇನ್-ಹೌಸ್ ಇತ್ತು, ಹೌಸೇ ಹೋಯಿತು.

“ಹಳೇ ಜನತಾ ಆನ್‌ಲೈನಲ್ಲಿ ಸಿಗುತ್ತೆ,” ಅಂದ ಸೀನು, ಫೋನು ತೆಗೆದು. “ಡಯಲ್ ನೋಡು, ಹೊಚ್ಚ ಹೊಸದು. ಗುಲಾಬಿ ಬಣ್ಣ.”

“ಡಯಲ್ಲಿಗೆ ಮೊನ್ನೆ ಬಣ್ಣ ಬಳಿದಿರುತ್ತಾರೆ. ಮುಳ್ಳು ಒಂದು ವಾಚಿನದು, ಕೇಸು ಇನ್ನೊಂದರದು.”

“ಮೂವ್‌ಮೆಂಟ್?”

“ಇನ್-ಹೌಸೇ. ಕೀಲಿ ಮಾತ್ರ ಪಕ್ಕದ ಮನೆಯದು.”

ಸೀನು ಆಗಲೇ ಆರ್ಡರ್ ಒತ್ತಿದ್ದ.