ಮದುವೆಗೆ ಮೊದಲೇ ಮಗುವಾ? 1731ರ ಚರ್ಚ್ ರಿಜಿಸ್ಟರ್ ಓದೋಕೆ ಸಹಾಯ ಬೇಕು

ಲೀಡ್ಸ್_ಸೊಸೆ: ನನ್ನ ಗಂಡನ ಕಡೆಯವರು ಯಾರ್ಕ್‌ಶೈರ್‌ನವರು. ಮಕ್ಕಳಿಗೋಸ್ಕರ ಅವರ ವಂಶಾವಳಿ ಹುಡುಕುತ್ತಿದ್ದೇನೆ. 1837ರ ಜುಲೈನಿಂದ ಈಚೆಗೆ ಸರ್ಕಾರಿ ಜನನ ನೋಂದಣಿ ಇದೆ. ಅದಕ್ಕೂ ಹಿಂದೆ ಹೋಗಬೇಕಾದರೆ ಊರ ಚರ್ಚಿನ ರಿಜಿಸ್ಟರೇ ಗತಿ. ಅದರಲ್ಲಿ ಜಾನ್ ಎಂಬ ಮಗುವಿನ ದೀಕ್ಷಾಸ್ನಾನ 1731ರ ಫೆಬ್ರವರಿ 12. ಅಪ್ಪ ಅಮ್ಮನ ಮದುವೆ 1731ರ ಏಪ್ರಿಲ್ 20! ಅತ್ತೆಗೆ ಹೇಗೆ ಹೇಳಲಿ?

ಹಳೇಕಡತ: ಅಕ್ಕ, ಗಾಬರಿ ಬೇಡ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮಗೂ ಚೈತ್ರ ಮೊದಲು, ಫಾಲ್ಗುಣ ಕೊನೆಗೆ ಬರುತ್ತೆ ಅಲ್ವಾ, ಹಾಗೆ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1732. ಮದುವೆಯಾಗಿ ಹತ್ತು ತಿಂಗಳಿಗೆ ಮಗು. ಜನವರಿ 1ರ ಪದ್ಧತಿ ಅಲ್ಲಿ ಬಂದದ್ದು 1752ರಲ್ಲಿ.

ಮಂಡ್ಯದವ: ಇಷ್ಟು ಬೇಗ ತೀರ್ಮಾನ ಬೇಡ ಸರ್. ಆನ್‌ಲೈನ್ ಸೂಚಿ ಮಾಡಿದವರು ಕೆಲವು ಸಲ ವರ್ಷವನ್ನು ಮೊದಲೇ ತಿದ್ದಿರುತ್ತಾರೆ. ಆಗ 1731 ಅಂದರೆ ನಿಜವಾಗಿಯೂ 1731. ಮೂಲ ಪುಟ ನೋಡಿದಿರಾ ಅಕ್ಕ?

ಲೀಡ್ಸ್_ಸೊಸೆ: ಈಗ ಪುಟದ ಫೋಟೊ ತೆಗೆದು ನೋಡಿದೆ. ಡಿಸೆಂಬರ್, ಜನವರಿ, ಫೆಬ್ರವರಿ ಎಲ್ಲಾ 1731ರ ಕೆಳಗೇ ಇವೆ. ಮಾರ್ಚ್ ಕೊನೆಯಲ್ಲಿ ಒಂದು ಗೆರೆ ಎಳೆದು ದಪ್ಪಗೆ 1732 ಅಂತ ಬರೆದಿದ್ದಾರೆ.

ಮಂಡ್ಯದವ: ಹಾಗಾದರೆ ಒಪ್ಪಿದೆ. ಆದರೆ ಈ ಜಾನ್ ನಿಮ್ಮವನೇನಾ? ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುತ್ತಿದ್ದರು. ಸಮಾಧಿ ಪಟ್ಟಿಯನ್ನೂ ನೋಡಿ.

ಹಳೇಕಡತ: ಒಂದೊಂದು ಹೆಸರಿಗೂ ಹೀಗೆ ಅನುಮಾನಪಟ್ಟರೆ ಕೆಲಸ ಮುಗಿಯಲ್ಲ ಮಾರಾಯ್ರೆ. ಅಪ್ಪ, ಅಮ್ಮ, ಊರು ಎಲ್ಲಾ ಹೊಂದುತ್ತಿವೆಯಲ್ಲ.

ಮಂಡ್ಯದವ: ಅಣ್ಣ ತಮ್ಮ ಇಬ್ಬರಿಗೂ ಅವು ಹೊಂದುತ್ತವೆ ಸರ್. ತಪ್ಪು ಇರೋದೇ ಅಲ್ಲಿ.

ಲೀಡ್ಸ್_ಸೊಸೆ: 1733ರ ಸಮಾಧಿ ಪುಟ ನೀರು ತಾಗಿ ಕಲೆಯಾಗಿದೆ. ಒಂದಕ್ಷರವೂ ಕಾಣಲ್ಲ.

ಹಳೇಕಡತ: ಅದಕ್ಕೆ ದಾರಿ ಇದೆ. 1598ರಿಂದ ಪ್ರತಿ ಚರ್ಚೂ ವರ್ಷಕ್ಕೊಮ್ಮೆ ಬಿಷಪ್‌ಗೆ ನಕಲು ಕಳಿಸಬೇಕಿತ್ತು. ಯಾರ್ಕ್ ಧರ್ಮಪ್ರಾಂತ್ಯದ ನಕಲುಗಳು ಯಾರ್ಕ್ ವಿಶ್ವವಿದ್ಯಾಲಯದ ಬೋರ್ತ್‌ವಿಕ್ ಸಂಸ್ಥೆಯಲ್ಲಿವೆ. ಕೇಳಿ ನೋಡಿ.

ಲೀಡ್ಸ್_ಸೊಸೆ: ಹೋಗಿ ಬಂದೆ. 1733ರ ನವೆಂಬರ್‌ನಲ್ಲಿ ಆ ಜಾನ್‌ನ ಸಮಾಧಿ ಸಿಕ್ಕಿತು, ಅಪ್ಪನ ಹೆಸರಿನ ಜೊತೆಗೆ. ಎರಡು ವರ್ಷವೂ ತುಂಬಿರಲಿಲ್ಲ. 1735ರಲ್ಲಿ ಅದೇ ದಂಪತಿಗೆ ಇನ್ನೊಬ್ಬ ಜಾನ್. ನಮ್ಮವನು ಆ ಎರಡನೆಯವನು. ಅತ್ತೆಗೆ ಇಬ್ಬರ ವಿಷಯವನ್ನೂ ಹೇಳಿದೆ. ಮೊದಲನೇ ಕೂಸಿನ ಹೆಸರನ್ನೂ ಬರೆದುಕೋ ಅಂದರು. ಬರೆದೆ.