ಸಣ್ಣ ಸಭೆಯ ತಿಂಗಳ ಲೆಕ್ಕ: ನಿಮ್ಮಲ್ಲಿ ಹೇಗೆ ನಡೆಸ್ತೀರಿ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನಮ್ಮದು ಚಿಕ್ಕ ಪ್ರೆಸ್ಬಿಟೇರಿಯನ್ ಸಭೆ (ಹಿರಿಯರ ಮಂಡಳಿ ನಡೆಸೋ ಪ್ರೊಟೆಸ್ಟಂಟ್ ಚರ್ಚು). ರಿಜಿಸ್ಟರಿನಲ್ಲಿ ಅರವತ್ತು ಚಿಲ್ಲರೆ ಹೆಸರುಗಳಿವೆ, ಭಾನುವಾರ ಆರಾಧನೆಗೆ ಬರೋರು ಅದರ ಅರ್ಧದಷ್ಟು. ಬಹಳ ವರ್ಷದಿಂದ ಲೆಕ್ಕ ನೋಡ್ಕೊಳ್ತಿದ್ದ ಹಿರಿಯರೊಬ್ಬರು ಇನ್ನು ಕೈಲಾಗಲ್ಲ ಅಂದರು, ಸೆಷನ್‌ನವರು (ಸಭೆಯ ತೀರ್ಮಾನ ಮಾಡೋ ಹಿರಿಯರ ಮಂಡಳಿ) ಪುಸ್ತಕ ತಂದು ನನ್ನ ಕೈಗಿಟ್ಟರು. ತೆರೆದು ನೋಡಿದರೆ ಎಷ್ಟೋ ತಿಂಗಳು ಕಾಣಿಕೆಗಿಂತ ಖರ್ಚೇ ಜಾಸ್ತಿ. ಪಾಸ್ಟರ್ ಸಂಬಳ ಆಗಾಗ ತಡವಾಗಿದೆ, ಪ್ರೆಸ್ಬಿಟರಿಗೆ (ಸುತ್ತಲ ಸಭೆಗಳನ್ನ ನೋಡ್ಕೊಳ್ಳೋ ಮೇಲಿನ ಮಂಡಳಿಗೆ) ಕೊಡೋ ಪಾಲು ಬಾಕಿ ಇದೆ, ಛಾವಣಿ ಸೋರ್ತಿದೆ. ಆದರೆ ಬ್ಯಾಂಕಿನಲ್ಲಿ ಹಣ ಇಲ್ಲ ಅಂತಲೂ ಅಲ್ಲ! ಇದು ನನಗೆ ತಲೆಬುಡ ಅರ್ಥ ಆಗ್ತಿಲ್ಲ. ನಿಮ್ಮ ಸಭೆಗಳಲ್ಲಿ ತಿಂಗಳು ತಿಂಗಳು ಹೇಗೆ ನಡೆಸ್ತೀರಿ? ಸಭೆಯವರಿಗೆ ಎಷ್ಟು ಹೇಳ್ತೀರಿ? ಬಾಗಿಲು ಮುಚ್ಚೋದೇ ಒಳ್ಳೇದೇನೋ ಅನ್ನೋ ಪಿಸುಮಾತೂ ಶುರುವಾಗಿದೆ.

ಬಹುಕಾಲದಿಂದ ಖಜಾಂಚಿಯಾಗಿರುವವರು

ಸಿಸ್ಟರ್, ಮೊದಲು ತಿಂಗಳನ್ನ ನೋಡಿ ಗಾಬರಿ ಆಗೋದು ಬಿಡಿ. ಹನ್ನೆರಡು ತಿಂಗಳನ್ನ ಒಂದೇ ಹಾಳೆ ಮೇಲೆ ಸಾಲಾಗಿ ಬರೆದುಕೊಳ್ಳಿ. ವರ್ಷಕ್ಕೆ 52 ಭಾನುವಾರ ಅಂದರೆ ಎಂಟು ತಿಂಗಳಿಗೆ ನಾಲ್ಕು ಭಾನುವಾರ, ನಾಲ್ಕು ತಿಂಗಳಿಗೆ ಐದು. ತಟ್ಟೆ ಕಾಣಿಕೆಯನ್ನೇ ನಂಬಿರೋ ಸಭೆಗೆ ಈ ಐದನೇ ಭಾನುವಾರ ಸಣ್ಣ ವಿಷಯ ಅಲ್ಲ. ಸಂಬಳ, ವಿದ್ಯುತ್ ಬಿಲ್ಲು ತಿಂಗಳ ಲೆಕ್ಕ, ಕಾಣಿಕೆ ವಾರದ ಲೆಕ್ಕ. ಹಾಗಾಗಿ ನಾಲ್ಕು ಭಾನುವಾರದ ತಿಂಗಳಲ್ಲಿ ಎಳೆದಾಡೋದು ಸಹಜ. ಕ್ರಿಸ್ಮಸ್, ಈಸ್ಟರ್‌ನಲ್ಲಿ ಏರುತ್ತೆ, ರಜೆ ದಿನಗಳಲ್ಲಿ ಜನ ಊರು ಬಿಟ್ಟಾಗ ಇಳಿಯುತ್ತೆ. ನಿಜವಾದ ಕೊರತೆ ಎಷ್ಟು, ಬರೀ ಏರಿಳಿತ ಎಷ್ಟು ಅನ್ನೋದು ಆ ಹಾಳೆ ಇಲ್ಲದೆ ಗೊತ್ತಾಗೋದೇ ಇಲ್ಲ.

ವರ್ಷಕ್ಕೊಮ್ಮೆ ಬರೋ ಖರ್ಚುಗಳನ್ನ (ಕಟ್ಟಡದ ವಿಮೆ, ಆಡಿಟ್, ಪ್ರೆಸ್ಬಿಟರಿ ಪಾಲು) ಹನ್ನೆರಡು ಭಾಗ ಮಾಡಿ, ಪ್ರತಿ ತಿಂಗಳು ಒಂದು ಭಾಗ ಪಕ್ಕಕ್ಕೆ ಎತ್ತಿಡಿ. ನಿಮ್ಮ ಬಾಕಿ ಬೆಳೆದಿರೋದು ಬಹುಶಃ ಇಲ್ಲೇ. ಬಿಲ್ಲು ಬಂದಾಗ ನೋಡಿದರಾಯ್ತು ಅಂದುಕೊಂಡರೆ ಅದು ಬರೋದೇ ಕಾಣಿಕೆ ಕಮ್ಮಿ ಇರೋ ತಿಂಗಳಲ್ಲಿ.

ಈಗ ಬ್ಯಾಂಕಿನ ಹಣದ ಮಾತು. ನಿಮ್ಮ ಪಾಸ್‌ಬುಕ್ಕಿನ ಒಟ್ಟು ಮೊತ್ತ ನಿಮ್ಮದಲ್ಲ. ಅದರೊಳಗೆ ಮೂರು ಬಗೆಯ ಹಣ ಇರುತ್ತೆ: ಏನಕ್ಕೆ ಬೇಕಾದರೂ ಬಳಸಬಹುದಾದ ಸಾಮಾನ್ಯ ಕಾಣಿಕೆ, ಇಂಥದ್ದಕ್ಕೇ ಅಂತ ಹೇಳಿ ಕೊಟ್ಟ ಹಣ (ಕಟ್ಟಡ, ಸಂಡೇ ಸ್ಕೂಲ್, ಬಡವರ ನಿಧಿ), ಮತ್ತೆ ಬೇರೆಯವರಿಗೆ ತಲುಪಿಸಬೇಕಾದದ್ದು, ಅಂದರೆ ಮಿಷನ್ ಭಾನುವಾರ ಎತ್ತಿದ ಕಾಣಿಕೆಯಂಥದ್ದು. ಖಾತೆ ಒಂದೇ ಇದ್ದರೂ ಪುಸ್ತಕದಲ್ಲಿ ಮೂರು ಕಾಲಂ ಇರಲಿ. ಹಳೆಯ ಪುಸ್ತಕದಿಂದ ಇದನ್ನ ಬಿಡಿಸೋಕೆ ಸಮಯ ಹಿಡಿಯುತ್ತೆ. ಹಳೆಯ ಖಜಾಂಚಿಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಪುಸ್ತಕದಲ್ಲಿ ಇಲ್ಲದ್ದು ಅವರ ತಲೆಯಲ್ಲಿರುತ್ತೆ.

ಎಣಿಕೆ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಆರಾಧನೆ ಮುಗಿದ ಕೂಡಲೇ, ಚರ್ಚಿನಲ್ಲೇ, ಇಬ್ಬರು ಎಣಿಸಬೇಕು. ಆ ಇಬ್ಬರು ಒಂದೇ ಮನೆಯವರಾಗಿರಬಾರದು, ಖಜಾಂಚಿಯೂ ಆಗಿರಬಾರದು. ಒಬ್ಬರು ನೋಟುಗಳನ್ನ ಬೆಲೆ ಪ್ರಕಾರ ಗುಡ್ಡೆ ಮಾಡಿ ಎಣಿಸ್ತಾರೆ, ಇನ್ನೊಬ್ಬರು ಅದನ್ನೇ ಮತ್ತೆ ಎಣಿಸಿ ಚೀಟಿಯಲ್ಲಿ ಬರೀತಾರೆ. ಲಕೋಟೆಯಲ್ಲಿ ಬಂದದ್ದು ಬೇರೆ, ತಟ್ಟೆಗೆ ಬಿಡಿಯಾಗಿ ಬಿದ್ದದ್ದು ಬೇರೆ. ಲಕೋಟೆ ಮೇಲೆ ಬರೆದ ಮೊತ್ತಕ್ಕೂ ಒಳಗಿರೋದಕ್ಕೂ ತಾಳೆ ನೋಡ್ತಾರೆ. ವ್ಯತ್ಯಾಸ ಇದ್ದರೆ ಅಲ್ಲೇ ಗುರುತು ಹಾಕಿ, ಇಬ್ಬರೂ ಸಹಿ ಹಾಕ್ತಾರೆ. ಹಣ ಹಾಗೇ ಪೂರ್ತಿ ಬ್ಯಾಂಕಿಗೆ ಹೋಗ್ತದೆ, ಚೀಟಿ ನನಗೆ ಬರ್ತದೆ. ತಟ್ಟೆಯ ಹಣದಿಂದಲೇ ಹೂವಿಗೆ, ರಿಪೇರಿಯವನಿಗೆ ಕೊಟ್ಟು ಕಳಿಸೋ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆ ಹಾಕೋದು ನಮ್ಮಲ್ಲಿ ಬೇರೊಬ್ಬ ಹಿರಿಯರ ಕೆಲಸ.

ಇದು ಅಪನಂಬಿಕೆ ಅಂತ ಯಾರಾದರೂ ಮುನಿಸಿಕೊಂಡರೆ 2 ಕೊರಿಂಥ 8:20-21 ತೋರಿಸಿ. ಕಾಣಿಕೆ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದ ಹಾಗೆ, ದೇವರ ಮುಂದೆ ಮಾತ್ರ ಅಲ್ಲ, ಜನರ ಮುಂದೆಯೂ ನೆಟ್ಟಗಿರಬೇಕು ಅಂತ ಪೌಲನೇ ಎಚ್ಚರ ವಹಿಸಿದ್ದ. ಎಣಿಸೋ ಇಬ್ಬರಿಗೂ ಇದು ರಕ್ಷಣೆ.

ಸೆಷನ್ ಕ್ಲರ್ಕ್

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಖಜಾಂಚಿ ತೀರ್ಮಾನ ಮಾಡುವವರಲ್ಲ, ಲೆಕ್ಕ ಒಪ್ಪಿಸುವವರು. ನಮ್ಮ ಪದ್ಧತಿಯಲ್ಲಿ ತೀರ್ಮಾನ ಸೆಷನ್ನಿನದು, ಕೆಲವೆಡೆ ಸಭಾಸೇವಕರ ಮಂಡಳಿಯದು ಅಥವಾ ಟ್ರಸ್ಟಿಗಳದು. ನಿಮ್ಮ ಪಂಗಡದ ನಿಯಮ ಪುಸ್ತಕದಲ್ಲಿ ಯಾವುದು ಯಾರದು ಎಂದು ಮೊದಲು ಓದಿಕೊಳ್ಳಿ. ಇದು ಇಂದು ನಿನ್ನೆಯ ವ್ಯವಸ್ಥೆಯಲ್ಲ. 1541ರಲ್ಲಿ ಜಿನೀವಾದಲ್ಲಿ ನಮ್ಮ ಪದ್ಧತಿಗೆ ಅಡಿಪಾಯ ಹಾಕಿದ ಸುಧಾರಕ ಕ್ಯಾಲ್ವಿನ್ ರೂಪಿಸಿದ ಸಭಾ ನಿಯಮಗಳಲ್ಲೇ ಪಾಸ್ಟರು, ಬೋಧಕರು, ಹಿರಿಯರು, ಸಭಾಸೇವಕರು ಎಂಬ ನಾಲ್ಕು ಹುದ್ದೆಗಳಿದ್ದವು. ಬಡವರ ಹಣದ ಹೊಣೆ ಸಭಾಸೇವಕರದಾಗಿತ್ತು. ಸುಧಾರಕ ಜಾನ್ ನಾಕ್ಸ್ ಮತ್ತು ಸಂಗಡಿಗರು 1560ರಲ್ಲಿ ಸ್ಕಾಟ್ಲೆಂಡಿಗೆ ಬರೆದುಕೊಟ್ಟ ಕ್ರಮದಲ್ಲೂ ಹಣ ಸಂಗ್ರಹಿಸುವವರು ಸಭಾಸೇವಕರು, ಹಂಚಿಕೆ ಮಾತ್ರ ಪಾಸ್ಟರ್ ಮತ್ತು ಹಿರಿಯರು ಹೇಳಿದಂತೆ, ಮತ್ತು ಲೆಕ್ಕವನ್ನು ಅವರಿಗೇ ಒಪ್ಪಿಸಬೇಕು. ಹಣ ಮುಟ್ಟುವ ಕೈ ಬೇರೆ, ಅಪ್ಪಣೆ ಕೊಡುವ ಬಾಯಿ ಬೇರೆ ಎಂಬುದು ಆಗಿನಿಂದಲೂ ಇದೆ. ಆದ್ದರಿಂದ ಕೊರತೆಯನ್ನು ನೀವೊಬ್ಬರೇ ತಲೆ ಮೇಲೆ ಹೊತ್ತುಕೊಂಡು ನಿದ್ದೆಗೆಡಬೇಡಿ.

ನಮ್ಮಲ್ಲಿ ತಿಂಗಳಿಗೊಮ್ಮೆ ಸೆಷನ್ ಕೂಡುತ್ತದೆ. ಪ್ರಾರ್ಥನೆ, ಹಿಂದಿನ ನಡಾವಳಿ ಓದಿ ಒಪ್ಪುವುದು, ಅದಾದ ಕೂಡಲೇ ಖಜಾಂಚಿಯ ವರದಿ. ಮೊದಲು ಅದನ್ನು ಕೊನೆಗಿಡುತ್ತಿದ್ದರು. ಅಷ್ಟರಲ್ಲಿ ಎಲ್ಲರಿಗೂ ಮನೆ ನೆನಪಾಗಿ "ಸರಿ, ಸರಿ" ಎಂದು ಒಪ್ಪಿ ಎದ್ದುಬಿಡುತ್ತಿದ್ದರು. ಈಗ ಮುಂದಕ್ಕೆ ತಂದ ಮೇಲೆ ಪ್ರಶ್ನೆಗಳು ಬರುತ್ತವೆ. ವರದಿಯನ್ನು ನಡಾವಳಿ ಪುಸ್ತಕಕ್ಕೆ ಸೇರಿಸುತ್ತೇವೆ. ಆ ಪುಸ್ತಕವನ್ನು ಪ್ರೆಸ್ಬಿಟರಿ ತರಿಸಿಕೊಂಡು ನೋಡುತ್ತದೆ ಎಂಬುದು ನೆನಪಿರಲಿ.

ಬಾಕಿಯ ವಿಷಯ: ಪ್ರೆಸ್ಬಿಟರಿಗೆ ನೀವೇ ಮೊದಲು ಪತ್ರ ಬರೆಯಿರಿ. ಸುಮ್ಮನಿರುವ ಸಭೆಗಿಂತ ಕಷ್ಟ ಹೇಳಿಕೊಂಡ ಸಭೆಗೆ ಅವರು ದಾರಿ ಮಾಡಿಕೊಡುವುದು ಹೆಚ್ಚು. ಪಾಲಿನ ಲೆಕ್ಕ ಕೆಲವು ಪಂಗಡಗಳಲ್ಲಿ ಸದಸ್ಯರ ತಲೆ ಎಣಿಕೆಯ ಮೇಲೆ, ಕೆಲವಲ್ಲಿ ಸಭೆಯ ಆದಾಯದ ಮೇಲೆ ನಡೆಯುತ್ತದೆ. ತಲೆ ಎಣಿಕೆಯಾಗಿದ್ದರೆ ರಿಜಿಸ್ಟರಿನಲ್ಲಿರುವ ಅರವತ್ತು ಹೆಸರಿಗೂ ನೀವು ಕಟ್ಟುತ್ತಿದ್ದೀರಿ, ಬರುವವರು ಮೂವತ್ತೇ ಆದರೂ! ಹಾಗೆಂದು ಪೆನ್ನು ಹಿಡಿದು ಹೆಸರು ಹೊಡೆಯುತ್ತಾ ಕೂರಬೇಡಿ. ಹಿರಿಯರು ತಮ್ಮ ತಮ್ಮ ಪಾಲಿನ ಮನೆಗಳಿಗೆ ಹೋಗಿ ಬರಲಿ. ಒಬ್ಬರು ಊರು ಬಿಟ್ಟಿರುತ್ತಾರೆ, ಒಬ್ಬರು ಹಾಸಿಗೆ ಹಿಡಿದಿರುತ್ತಾರೆ, ಇನ್ನೊಬ್ಬರು ಯಾವುದೋ ಹಳೆಯ ಮಾತಿಗೆ ನೊಂದು ಮನೆಯಲ್ಲೇ ಉಳಿದಿರುತ್ತಾರೆ. ಮೊದಲನೆಯವರ ಹೆಸರು ವರ್ಗಾಯಿಸಿ. ಉಳಿದಿಬ್ಬರ ಹೆಸರು ಅಲ್ಲೇ ಇರಬೇಕು.

ನಿವೃತ್ತ ಪಾಸ್ಟರ್

ಅಮ್ಮಾ, ನಾನು ಸಂಬಳ ತೆಗೆದುಕೊಳ್ಳುವ ಕಡೆ ಇದ್ದವನು, ಆ ಕಡೆಯಿಂದ ಒಂದೆರಡು ಮಾತು. ಸಣ್ಣ ಸಭೆಗಳಲ್ಲಿ ಎಲ್ಲ ಬಿಲ್ಲು ತೀರಿಸಿ ಉಳಿದದ್ದು ಅಯ್ಯನವರಿಗೆ ಎನ್ನುವ ಅಭ್ಯಾಸ ಬೆಳೆದುಬಿಡುತ್ತದೆ. ವಿದ್ಯುತ್ ಕಂಪನಿ ಲೈನ್ ಕಿತ್ತುಹಾಕುತ್ತದೆ, ಪಾಸ್ಟರ್ ಪ್ರಸಂಗ ನಿಲ್ಲಿಸುವುದಿಲ್ಲ ಎಂಬ ಧೈರ್ಯ! ಪಾಸ್ಟರನ್ನು ಸೇವೆಗೆ ಕರೆಯುವಾಗ ಬರೆದ ಕರೆಪತ್ರದಲ್ಲಿ ಇಷ್ಟು ಕೊಡುತ್ತೇವೆ ಎಂದು ಸಭೆ ಮಾತು ಕೊಟ್ಟಿದೆ, ಪ್ರೆಸ್ಬಿಟರಿ ಅದನ್ನು ಒಪ್ಪಿದೆ. ಅದು ಮೊದಲ ಖರ್ಚು. ಕೊಡಲು ಆಗುವುದೇ ಇಲ್ಲವೆಂದರೆ ಪ್ರೆಸ್ಬಿಟರಿಯನ್ನು ಕೂರಿಸಿಕೊಂಡು ಮಾತು ಬದಲಿಸಿ, ಪೂರ್ಣಾವಧಿಯನ್ನು ಅರೆಕಾಲಿಕ ಮಾಡಿ. ಅದಾದರೂ ಮರ್ಯಾದೆ. ಅರೆಕಾಲಿಕ ಎಂದ ಮೇಲೆ ವಾರದ ಏಳು ದಿನವೂ ಫೋನ್ ಮಾಡುವಂತಿಲ್ಲ, ಅದನ್ನೂ ಬರೆದಿಡಿ. ಭೇಟಿಗೆ ಓಡಾಡಿದ ಪ್ರಯಾಣದ ಖರ್ಚು ಸಂಬಳವಲ್ಲ, ಬೇರೆ ಕಾಲಂನಲ್ಲಿ ತೋರಿಸಿ. ಇಲ್ಲವಾದರೆ ವಾರ್ಷಿಕ ಸಭೆಯಲ್ಲಿ "ಪಾಸ್ಟರಿಗೇ ಇಷ್ಟೊಂದಾ" ಎಂಬ ಗೊಣಗಾಟ ಏಳುತ್ತದೆ.

1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದಾಗ 450ಕ್ಕೂ ಹೆಚ್ಚು ಪಾಸ್ಟರುಗಳು ಸಂಬಳ, ಮನೆ ಎರಡನ್ನೂ ಬಿಟ್ಟು ಹೊರಬಂದು ಫ್ರೀ ಚರ್ಚ್ ಕಟ್ಟಿದರು. ಅವರ ಮುಂದಾಳು ಥಾಮಸ್ ಚಾಮರ್ಸ್ ಅಷ್ಟರಲ್ಲೇ ಒಂದು ಏರ್ಪಾಡು ಯೋಚಿಸಿಟ್ಟಿದ್ದರು. ಮನೆ ಮನೆಯಿಂದ ವಾರಕ್ಕೆ ಒಂದು ಪೆನ್ನಿಯಷ್ಟಾದರೂ ಎತ್ತುವುದು, ಎಲ್ಲ ಸಭೆಗಳ ಹಣವನ್ನೂ ಒಂದೇ ನಿಧಿಗೆ ಹಾಕುವುದು, ಅಲ್ಲಿಂದ ಪಾಸ್ಟರುಗಳಿಗೆ ಸಮಪಾಲು. ದುಡ್ಡಿರುವ ಪೇಟೆಯ ಸಭೆ ಹೆಚ್ಚು ಹಾಕುತ್ತಿತ್ತು, ಬಡ ಹಳ್ಳಿಯ ಸಭೆ ಕೈಲಾದಷ್ಟು. ಸಣ್ಣ ಸಭೆಗಳು ಉಳಿದದ್ದು ಹಾಗೆ. ಇವತ್ತಿಗೂ ಚರ್ಚ್ ಆಫ್ ಸ್ಕಾಟ್ಲೆಂಡ್ ಪಾಸ್ಟರುಗಳ ಸಂಬಳವನ್ನು ಕೇಂದ್ರದಿಂದಲೇ ಕೊಡುತ್ತದೆ. ನಿಮ್ಮ ಪಂಗಡದಲ್ಲಿ ಅಂಥ ನಿಧಿ ಇದೆಯೇ ಕೇಳಿ. ಇದ್ದರೆ ಅರ್ಜಿ ಹಾಕಲು ನಾಚಿಕೆ ಬೇಡ. ಪ್ರೆಸ್ಬಿಟೇರಿಯನ್ ಅಂದರೆ ಸಭೆಗಳು ಒಂದರ ಹೊರೆಯನ್ನೊಂದು ಹೊರುತ್ತವೆ ಅಂತ ತಾನೇ ಅರ್ಥ?

ಎರಡು ಸಭೆಗೆ ಒಬ್ಬರೇ ಪಾಸ್ಟರ್ ಇರುವ ಕಡೆಯಿಂದ

ಅಕ್ಕ, ಮುಚ್ಚೋ ಮಾತಿಗೆ ಮುಂಚೆ ಜೋಡಿ ಸಭೆ ಆಗೋ ದಾರಿ ನೋಡಿ. ನಾವು ಪಕ್ಕದ ಸಭೆ ಜೊತೆ ಸೇರ್ಕೊಂಡ್ವಿ. ಸೆಷನ್ ಬೇರೆ ಬೇರೆ, ಲೆಕ್ಕ ಬೇರೆ ಬೇರೆ, ಪಾಸ್ಟರ್ ಒಬ್ಬರೇ. ಉಸಿರಾಡೋಕೆ ಜಾಗ ಸಿಕ್ತು ನಿಜ. ಆದರೆ ಯಾರೂ ಮೊದಲೇ ಹೇಳಲ್ಲ ನೋಡಿ: ಕ್ರಿಸ್ಮಸ್ ಬೆಳಿಗ್ಗೆ ಅಯ್ಯನವರು ಯಾರ ಚರ್ಚಿನಲ್ಲಿ? ಅವರ ಮನೆಯ ರಿಪೇರಿ ಯಾರ ತಲೆಗೆ? ಒಂದು ಸಭೆಯ ಕಾಣಿಕೆ ಕುಸಿದರೆ ಇನ್ನೊಂದು ತುಂಬಿಕೊಡಬೇಕಾ? ಇವನ್ನೆಲ್ಲ ಪ್ರೆಸ್ಬಿಟರಿ ಮುಂದೆ, ಪಾಲು ಎಷ್ಟೆಷ್ಟು ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ನಮ್ಮಲ್ಲಿ ದುಡ್ಡಿನ ಜಗಳ ಆಗಲಿಲ್ಲ, ಆರಾಧನೆಯ ಸಮಯಕ್ಕೇ ಆಯ್ತು. ಹತ್ತು ಗಂಟೆ ಬಿಟ್ಟುಕೊಡೋಕೆ ಯಾರೂ ತಯಾರಿರಲಿಲ್ಲ. ಕೊನೆಗೆ ಆರಾರು ತಿಂಗಳಿಗೆ ಅದಲು ಬದಲು.

ಪಾಸ್ಟರ್ ಇಲ್ಲದ ಭಾನುವಾರ ಹಿರಿಯರೇ ಆರಾಧನೆ ನಡೆಸ್ತಾರೆ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರಕ್ಕೆ) ಮಾತ್ರ ಪಾಸ್ಟರೇ ಬೇಕು, ಹಾಗಾಗಿ ದಿನ ಮುಂಚೆಯೇ ಗೊತ್ತು ಮಾಡಿರಬೇಕು.

ಸಭಾಸೇವಕಿ

ಸಭೆಯವರಿಗೆ ಎಷ್ಟು ಹೇಳಬೇಕು ಅಂತ ಕೇಳಿದ್ದೀರಿ. ಹೆಸರುಗಳನ್ನ ಬಿಟ್ಟು ಎಲ್ಲವನ್ನೂ.

ನಮ್ಮಲ್ಲಿ ಹಿಂದೆ ವರ್ಷಕ್ಕೊಮ್ಮೆ, ವಾರ್ಷಿಕ ಸಭೆಯಲ್ಲಿ, ಉದ್ದನೆಯ ಪಟ್ಟಿ ಓದ್ತಿದ್ದರು. ಯಾರಿಗೂ ಏನೂ ತಿಳೀತಿರಲಿಲ್ಲ, ಕೊರತೆ ಅನ್ನೋ ಪದ ಕೇಳಿದ ಕೂಡಲೇ ಬೈಗುಳ ಶುರು ಅಂತ ತಲೆ ತಗ್ಗಿಸಿ ಕೂರೋರು. ಈಗ ತಿಂಗಳ ಮೊದಲ ಭಾನುವಾರ ಬಾಗಿಲ ಪಕ್ಕದ ಹಲಗೆಯ ಮೇಲೆ ಒಂದು ಹಾಳೆ ಹಚ್ತೀವಿ. ಹೋದ ತಿಂಗಳು ಬಂದದ್ದು, ಹೋದದ್ದು, ಸಭೆ ಒಂದು ತಿಂಗಳು ನಡೆಯೋಕೆ ಬೇಕಾಗಿರೋದು, ವರ್ಷದ ಮೊದಲಿನಿಂದ ಈವರೆಗೆ ಎಲ್ಲಿದ್ದೀವಿ. ದೊಡ್ಡ ಅಕ್ಷರ, ಕನ್ನಡಕ ಇಲ್ಲದೆ ಓದೋ ಹಾಗೆ. ಮೊದಲ ಸಲ ಹಚ್ಚಿದಾಗ ಒಬ್ಬ ಅಜ್ಜಿ ಅದರ ಮುಂದೆ ನಿಂತು, "ಇಷ್ಟೇನಾ ಕಮ್ಮಿ ಬೀಳ್ತಿರೋದು? ನಾನು ಎಷ್ಟೋ ಅಂದ್ಕೊಂಡಿದ್ದೆ" ಅಂದರು. ಪಿಸುಮಾತು ನಿಂತದ್ದು ಅಲ್ಲಿಂದ. ನಿಮ್ಮಲ್ಲೂ ಮುಚ್ಚೋ ಸುದ್ದಿ ಹಬ್ಬಿರೋದು ಅಂಕಿ ಗೊತ್ತಿಲ್ಲದ ಕಾರಣಕ್ಕೆ ಅಂತ ನನ್ನ ಅನಿಸಿಕೆ.

ಯಾರು ಎಷ್ಟು ಕೊಟ್ಟರು ಅನ್ನೋದನ್ನ ಓದೋದು, ಹಚ್ಚೋದು ಬೇಡವೇ ಬೇಡ. ಲಕೋಟೆಗೆ ನಂಬರ್ ಕೊಡಿ, ನಂಬರ್ ಯಾರದು ಅನ್ನೋದು ಒಬ್ಬರಿಗೆ ಮಾತ್ರ ತಿಳಿದಿರಲಿ. ಖಾತೆಗೆ ನೇರ ಹಾಕೋರಿಗೆ ಖಾತೆ ಸಭೆಯ ಹೆಸರಲ್ಲೇ ಇರಲಿ, ಖಜಾಂಚಿಯ ಸ್ವಂತ ನಂಬರಿಗೆ ಬರೋ ಏರ್ಪಾಡು ಒಂದು ದಿನಕ್ಕೂ ಬೇಡ. ನೇರ ವರ್ಗಾವಣೆಗೆ ಜನ ಬಂದರೆ ನಿಮ್ಮ ರಜೆ ತಿಂಗಳ ಇಳಿತ ಅರ್ಧ ಮಾಯ.

ಬಡವರ ನಿಧಿ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಕರ್ತನ ಭೋಜನದ ಭಾನುವಾರ ಬಾಗಿಲಲ್ಲಿ ಎತ್ತೋ ಕಾಣಿಕೆ ಪೂರ್ತಿ ಅದಕ್ಕೇ. ಆಸ್ಪತ್ರೆ ಖರ್ಚು, ಕೆಲಸ ಹೋದ ಮನೆ, ಶಾಲೆ ಫೀಸು. ಮೊತ್ತ ವರದಿಯಲ್ಲಿ ಬರುತ್ತೆ, ಪಡೆದವರ ಹೆಸರು ಎಲ್ಲೂ ಬರಲ್ಲ. ಕೊರತೆ ಬಂದಾಗ ಮೊದಲು ಕೈ ಹಾಕಬೇಕು ಅನ್ನಿಸೋದು ಈ ನಿಧಿಗೇ, ಯಾಕೆಂದರೆ ಅದನ್ನ ಕೇಳೋರು ಸೆಷನ್ನಿನಲ್ಲಿ ಕೂತಿರಲ್ಲ. ಅದಕ್ಕೆ ಕೈ ಹಾಕೋಕೆ ಬಿಡಬೇಡಿ.

ಕಟ್ಟಡ ನೋಡಿಕೊಳ್ಳುವವರು

ಛಾವಣಿ ಮೊದಲು ಸರಿಮಾಡಿಸಿ. ಸಮಿತಿ ಸೇರೋವರೆಗೂ ನೀರು ಕಾಯಲ್ಲ. ಹಾಲ್ ಬಾಡಿಗೆಗೆ ಕೊಡಿ ಅಂತ ಎಲ್ಲರೂ ಹೇಳ್ತಾರೆ, ಒಳ್ಳೇದೇ. ಆದರೆ ವಿಮೆಯವರಿಗೆ ತಿಳಿಸಿ, ಬೀಗ ಯಾರ ಹತ್ತಿರ, ಗುಡಿಸೋರು ಯಾರು ಅಂತ ಬರೆದುಕೊಂಡು ಕೊಡಿ. ವಿದ್ಯುತ್ತು, ಸ್ವಚ್ಛತೆ ಕಳೆದರೆ ಉಳಿಯೋದು ಎಷ್ಟು ಅಂತ ಮೊದಲೇ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ಕಾಲಂ ಮಾಡಿದ ಮೇಲೆ ಬ್ಯಾಂಕಿನ ಹಣದ ಗುಟ್ಟು ಬಯಲಾಯ್ತು. ಅದರಲ್ಲಿ ಮುಕ್ಕಾಲು ಪಾಲು, ಒಂದು ಕುಟುಂಬ ತಮ್ಮ ತಾಯಿಯ ನೆನಪಿಗೆ ಆರ್ಗನ್ ರಿಪೇರಿಗಾಗಿ ಕೊಟ್ಟದ್ದು. ಈಗ ಆರ್ಗನ್ ನುಡಿಸೋರೇ ಇಲ್ಲ! ಛಾವಣಿಗೆ ಅದನ್ನ ತಾತ್ಕಾಲಿಕವಾಗಿ ಬಳಸಬಹುದಾ?

ಸೆಷನ್ ಕ್ಲರ್ಕ್

ಸಾಲವಾಗಿಯೂ ಬೇಡ ಸಿಸ್ಟರ್. ತಾತ್ಕಾಲಿಕ ಎಂದು ತೆಗೆದದ್ದು ವಾಪಸ್ ಬರುವಷ್ಟರಲ್ಲಿ ಖಜಾಂಚಿ ಬದಲಾಗಿರುತ್ತಾರೆ. ಇಬ್ಬರು ಹಿರಿಯರು ಆ ಕುಟುಂಬದ ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಲಿ. ಛಾವಣಿಗೆ ಬಳಸಲು ಅವರು ಒಪ್ಪಿದರೆ ಅದನ್ನು ಬರವಣಿಗೆಯಲ್ಲಿ ಪಡೆದು, ಸೆಷನ್ ನಿರ್ಣಯ ಮಾಡಿ, ಪತ್ರವನ್ನು ನಡಾವಳಿ ಪುಸ್ತಕದೊಳಗೆ ಅಂಟಿಸಿ. ಮನೆಯಲ್ಲಿ ಕೇಳಲು ಯಾರೂ ಉಳಿದಿಲ್ಲವಾದರೆ ಹಣ ಮುಟ್ಟುವ ಮೊದಲು ಪ್ರೆಸ್ಬಿಟರಿಯನ್ನೂ ವಕೀಲರನ್ನೂ ಕೇಳಿ. ದಾನಿಯ ಷರತ್ತು ಬದಲಿಸುವುದು ಕಾನೂನಿನ ವಿಷಯ, ಸೆಷನ್ ಒಂದೇ ತೀರ್ಮಾನಿಸುವಂಥದ್ದಲ್ಲ. ಕುಟುಂಬ ಒಪ್ಪದೇ ಹೋದರೆ ಹಣ ಆರ್ಗನ್ ಕಾಲಂನಲ್ಲೇ ಇರಲಿ, ಛಾವಣಿಗೆ ಬೇರೆಯಾಗಿ ಕೇಳಿ. ಆ ಹಲಗೆಯ ಹಾಳೆ ಹಚ್ಚಿದ ಮೇಲೆ ಕೇಳುವುದು ಸುಲಭವಾಗುತ್ತದೆ.