ತಿಮಿಂಗಿಲ ಬೇಟೆಯ ವ್ಯಾಜ್ಯಗಳು: ನಿಮ್ಮ ಪ್ರಶ್ನೆ, ವಕೀಲರ ಉತ್ತರ

ನಿರ್ವಾಹಕ: ಈ ವಾರದ ಪ್ರಶ್ನೋತ್ತರಕ್ಕೆ ಸಮುದ್ರ ಕಾನೂನಿನ ವಕೀಲೆ ಶಾರದಾ ಮೇಡಂ ಒಪ್ಪಿದ್ದಾರೆ. ವಿಷಯ, ವಾಣಿಜ್ಯ ಮತ್ತು ‘ವೈಜ್ಞಾನಿಕ’ ತಿಮಿಂಗಿಲ ಬೇಟೆಯ ಕುರಿತು ದೇಶಗಳ ನಡುವಿನ ಜಗಳ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶಗಳು ಬೇಡ.

ರಘುನಂದನ: ನಮಸ್ಕಾರ ಮೇಡಂ. 2014ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತಿಮಿಂಗಿಲ ಬೇಟೆಯನ್ನೇ ನಿಷೇಧಿಸಿತು ಎಂದು ಓದಿದ್ದೆ. ಹಾಗಿದ್ದರೆ ಜಪಾನ್ ಇಂದಿಗೂ ಬೇಟೆಯಾಡುತ್ತಿರುವುದು ಹೇಗೆ?

ಶಾರದಾ: ನಮಸ್ಕಾರ. ನ್ಯಾಯಾಲಯ ಬೇಟೆಯನ್ನು ನಿಷೇಧಿಸಲಿಲ್ಲ. ವಾಣಿಜ್ಯ ಬೇಟೆಗೆ ತಡೆ ಹಾಕಿದ್ದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ. ಆ ನಿರ್ಣಯ 1982ರದು, ಜಾರಿಗೆ ಬಂದದ್ದು 1985-86ರ ಋತುವಿನಿಂದ. ಆಸ್ಟ್ರೇಲಿಯಾ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದಿದ್ದದ್ದು ಅಂಟಾರ್ಕ್ಟಿಕ ಸಮುದ್ರದಲ್ಲಿ ‘ಸಂಶೋಧನೆ’ಗೆಂದು ತಿಮಿಂಗಿಲ ಕೊಲ್ಲುವ ಒಂದು ಜಪಾನೀ ಯೋಜನೆ ಮಾತ್ರ, ಜಾರ್ಪಾ-2. ಅದರ ಪರವಾನಗಿಗಳನ್ನು ಹಿಂತೆಗೆದುಕೊಳ್ಳಿ, ಅದೇ ಯೋಜನೆಗೆ ಹೊಸದನ್ನು ಕೊಡಬೇಡಿ ಎಂದು 12-4ರ ಬಹುಮತದಿಂದ ತೀರ್ಪಾಯಿತು. ಉತ್ತರ ಪೆಸಿಫಿಕ್‌ನಲ್ಲಿ ನಡೆಯುತ್ತಿದ್ದ ಇನ್ನೊಂದು ಯೋಜನೆ ದಾವೆಯಲ್ಲಿ ಇರಲೇ ಇಲ್ಲ. ಮುಂದೆ ಜಪಾನ್ ಆಯೋಗವನ್ನೇ ಬಿಟ್ಟಿತು. 2019ರ ಜೂನ್ 30ಕ್ಕೆ ಸದಸ್ಯತ್ವ ಮುಗಿಯಿತು, ಮರುದಿನ ಬೇಟೆಯ ದೋಣಿಗಳು ಹೊರಟವು. ಸದಸ್ಯನಲ್ಲದ ದೇಶಕ್ಕೆ ಆಯೋಗದ ತಡೆ ಅನ್ವಯಿಸುವುದಿಲ್ಲ.

ಮೇಘನಾ: ನಾರ್ವೆ ಆಯೋಗದ ಒಳಗೇ ಇದೆಯಲ್ಲ? ಅದು ಹೇಗೆ ಬೇಟೆಯಾಡುತ್ತಿದೆ?

ಶಾರದಾ: ಆಯೋಗದ ನಿರ್ಣಯಕ್ಕೆ ಅವಧಿಯೊಳಗೆ ಆಕ್ಷೇಪ ಸಲ್ಲಿಸಿದ ದೇಶವನ್ನು ಅದು ಕಟ್ಟಿಹಾಕುವುದಿಲ್ಲ. ಆಯೋಗವನ್ನು ಹುಟ್ಟುಹಾಕಿದ 1946ರ ಒಡಂಬಡಿಕೆಯಲ್ಲೇ ಹಾಗೆ ಬರೆದಿದೆ. ನಾರ್ವೆ ಆಕ್ಷೇಪ ಸಲ್ಲಿಸಿತು, ಇಂದಿನವರೆಗೂ ಹಿಂತೆಗೆದುಕೊಂಡಿಲ್ಲ, 1993ರಿಂದ ರಾಜಾರೋಷವಾಗಿ ಮಿಂಕೆ ತಿಮಿಂಗಿಲ ಹಿಡಿಯುತ್ತಿದೆ. ಜಪಾನ್ ಕೂಡ ಆಕ್ಷೇಪಿಸಿತ್ತು. ಅಮೆರಿಕ ತನ್ನ ನೀರಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಕಿತ್ತುಕೊಳ್ಳುವುದಾಗಿ ಬೆದರಿಸಿದ ಮೇಲೆ ಹಿಂತೆಗೆದುಕೊಂಡಿತು. ಆ ಬಾಗಿಲು ಮುಚ್ಚಿದ ಮೇಲೆಯೇ ‘ಸಂಶೋಧನೆ’ಯ ಬಾಗಿಲು ತೆರೆದದ್ದು.

ಚಂದ್ರಕಾಂತ: *ಫಾರ್ವರ್ಡ್* ಜಪಾನಿನ ರಕ್ತದ ಸಮುದ್ರದ ವಿಡಿಯೊ ನೋಡಿ!! 10 ಲಕ್ಷ ಸಹಿ ಆದರೆ ಅಂತರರಾಷ್ಟ್ರೀಯ ನ್ಯಾಯಾಲಯ ಕೂಡಲೇ ಬೇಟೆ ನಿಲ್ಲಿಸಬೇಕಾಗುತ್ತದೆ. ಕೆಳಗಿನ ಕೊಂಡಿ ಒತ್ತಿ, 20 ಜನರಿಗೆ ಕಳುಹಿಸಿ.

ಶಾರದಾ: ಚಂದ್ರಕಾಂತ ಅವರೇ, ನಿರ್ವಾಹಕರು ಬೇಡ ಎಂದದ್ದನ್ನೇ ಹಾಕಿದ್ದೀರಿ. ಆ ವಿಡಿಯೊ ಜಪಾನಿನದಲ್ಲ, ಫ್ಯಾರೋ ದ್ವೀಪಗಳದು. ಕೊಲ್ಲಿಗೆ ಅಟ್ಟಿ ಕೊಲ್ಲುತ್ತಿರುವುದು ಪೈಲಟ್ ತಿಮಿಂಗಿಲಗಳನ್ನು. ಅಂಥ ಸಣ್ಣ ಜಾತಿಗಳ ಬೇಟೆಯನ್ನು ಆಯೋಗ ನಿಯಂತ್ರಿಸುವುದೇ ಇಲ್ಲ. ಎರಡನೆಯದಾಗಿ, ಆ ನ್ಯಾಯಾಲಯದಲ್ಲಿ ಕಕ್ಷಿದಾರ ಆಗಬಲ್ಲದ್ದು ದೇಶ ಮಾತ್ರ. 10 ಲಕ್ಷವಲ್ಲ, 100 ಕೋಟಿ ಸಹಿ ಕೊಂಡುಹೋದರೂ ರಿಜಿಸ್ಟ್ರಾರ್ ಅದನ್ನು ದಾವೆಯಾಗಿ ದಾಖಲಿಸುವುದಿಲ್ಲ. ಎಲ್ಲರಿಗೂ ಹೇಳುತ್ತಿದ್ದೇನೆ, ಆ ಕೊಂಡಿಯನ್ನು ಒತ್ತಬೇಡಿ. ಸಹಿಗೆ ಫೋನ್ ಸಂಖ್ಯೆ, ‘ನ್ಯಾಯಾಲಯದ ಶುಲ್ಕ’ಕ್ಕೆ ಕಾರ್ಡಿನ ವಿವರ ಕೇಳುವ ಪುಟಕ್ಕೂ ತಿಮಿಂಗಿಲಕ್ಕೂ ಸಂಬಂಧವಿಲ್ಲ.

ಚಂದ್ರಕಾಂತ: ಒಳ್ಳೆಯ ಉದ್ದೇಶದಿಂದ ಹಾಕಿದೆ ಮೇಡಂ.

ಅನಘಾ: ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ. ಎಷ್ಟು ತಿಮಿಂಗಿಲ ಕೊಂದರೆ ಅದು ಸಂಶೋಧನೆ, ಎಷ್ಟಕ್ಕೆ ಅಲ್ಲ ಎಂದು ನ್ಯಾಯಾಧೀಶರು ಹೇಗೆ ನಿರ್ಧರಿಸಿದರು? ಮಾದರಿಯ ಗಾತ್ರ ವಿಜ್ಞಾನಿಗಳ ವಿಷಯವಲ್ಲವೇ?

ಶಾರದಾ: ಅನಘಾ, ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಉತ್ತರ ಉದ್ದವಾಗುತ್ತದೆ, ಬೇಸರಿಸಬೇಡಿ.

ಒಡಂಬಡಿಕೆಯ 8ನೇ ವಿಧಿಯ ಪ್ರಕಾರ, ‘ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕಾಗಿ’ ತಿಮಿಂಗಿಲ ಕೊಲ್ಲಲು ಯಾವ ಸದಸ್ಯ ದೇಶವೂ ತನ್ನ ಪ್ರಜೆಗಳಿಗೆ ವಿಶೇಷ ಪರವಾನಗಿ ಕೊಡಬಹುದು. ಸಂಖ್ಯೆಯನ್ನೂ ಅದೇ ನಿರ್ಧರಿಸಬಹುದು. ಮಾಂಸವನ್ನು ವ್ಯರ್ಥ ಮಾಡಬಾರದು ಎಂದೂ ಅದೇ ವಿಧಿ ಹೇಳುತ್ತದೆ. ಆದ್ದರಿಂದ ‘ಮಾಂಸ ಮಾರಿದರು, ಹಾಗಾಗಿ ಅದು ವಿಜ್ಞಾನವಲ್ಲ’ ಎಂಬ ಜನಪ್ರಿಯ ವಾದ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕೊಲ್ಲುವುದೇ ತಪ್ಪು ಎಂಬ ವಾದವೂ ನಿಲ್ಲಲಿಲ್ಲ. ಮಿಂಕೆಯ ವಯಸ್ಸು ತಿಳಿಯಲು ಅದರ ಕಿವಿಯ ನಾಳದಲ್ಲಿ ವರ್ಷವರ್ಷ ಕಟ್ಟಿಕೊಳ್ಳುವ ಮೇಣದ ಬಿರಡೆಯನ್ನು ಹೊರತೆಗೆದು, ಸೀಳಿ, ಪದರಗಳನ್ನು ಎಣಿಸುತ್ತಾರೆ. ಜೀವಂತ ಪ್ರಾಣಿಯಿಂದ ಅದನ್ನು ತೆಗೆಯಲಾಗದು. ಇಷ್ಟನ್ನು ನ್ಯಾಯಾಲಯವೂ ಒಪ್ಪಿತು.

ವಿಜ್ಞಾನ ಎಂದರೇನು ಎಂಬುದಕ್ಕೆ ಆಸ್ಟ್ರೇಲಿಯಾ ತನ್ನ ತಜ್ಞ ಮಾರ್ಕ್ ಮ್ಯಾಂಗೆಲ್ ಮೂಲಕ ನಾಲ್ಕು ಲಕ್ಷಣಗಳನ್ನು ಮುಂದಿಟ್ಟಿತು. ನ್ಯಾಯಾಲಯ ಆ ಬಲೆಗೆ ಬೀಳಲಿಲ್ಲ. ಸ್ಥೂಲವಾಗಿ ಇದು ಸಂಶೋಧನೆಯೇ ಇರಬಹುದು ಎಂದು ಒಪ್ಪಿಕೊಂಡೇ ಬೇರೆ ಪ್ರಶ್ನೆ ಹಾಕಿತು: ನೀವೇ ಹೇಳಿಕೊಂಡ ಗುರಿಗೆ, ನೀವೇ ಆರಿಸಿಕೊಂಡ ವಿಧಾನ ತಕ್ಕುದಾಗಿದೆಯೇ? ಜಪಾನಿನ ಮನಸ್ಸಿನಲ್ಲಿ ಏನಿತ್ತು ಎಂದು ಕೆದಕಲಿಲ್ಲ, ಕಾಗದದಲ್ಲಿ ಏನಿದೆ ಎಂದು ನೋಡಿತು. ಜಪಾನ್ ಸೋತದ್ದು ಇಲ್ಲಿ.

ಯೋಜನೆಯಲ್ಲಿದ್ದ ಲೆಕ್ಕ ವರ್ಷಕ್ಕೆ 850 ಮಿಂಕೆ, ಶೇಕಡ 10 ಆಚೀಚೆ. ಜೊತೆಗೆ 50 ಫಿನ್, 50 ಹಂಪ್‌ಬ್ಯಾಕ್. ಮೂರು ಜಾತಿಗಳು ಆಹಾರಕ್ಕಾಗಿ ಹೇಗೆ ಪೈಪೋಟಿ ನಡೆಸುತ್ತವೆ ಎಂದು ತಿಳಿಯುವುದು ಘೋಷಿತ ಗುರಿಗಳಲ್ಲೊಂದು. ಆದದ್ದೇನು? ಹಂಪ್‌ಬ್ಯಾಕ್ ಒಂದನ್ನೂ ಹಿಡಿಯಲಿಲ್ಲ. ಮೊದಲ ಏಳು ಋತುಗಳಲ್ಲಿ ಸಿಕ್ಕ ಫಿನ್ ಒಟ್ಟು 18. ದೊಡ್ಡ ಫಿನ್ ತಿಮಿಂಗಿಲವನ್ನು ಮೇಲಕ್ಕೆಳೆದುಕೊಳ್ಳುವ ಸಾಮರ್ಥ್ಯವೇ ಮುಖ್ಯ ಹಡಗು ನಿಶ್ಶಿನ್ ಮಾರುವಿಗೆ ಇರಲಿಲ್ಲ! ಮಿಂಕೆ 2005-06ರಲ್ಲಿ 853, 2012-13ರಲ್ಲಿ 103. ಪ್ರತಿಭಟನಾಕಾರರ ಅಡ್ಡಿ ಒಂದು ಕಾರಣ ಎಂದು ಜಪಾನ್ ಹೇಳಿತು. ಇರಲಿ. ಮೂರು ಜಾತಿಗಳ ಅಧ್ಯಯನ ಹೆಚ್ಚುಕಡಿಮೆ ಒಂದೇ ಜಾತಿಯದಾಯಿತು, ಸಂಖ್ಯೆ ಎಂಟನೇ ಒಂದು ಭಾಗಕ್ಕೆ ಇಳಿಯಿತು, ಆದರೂ ಗುರಿಯಲ್ಲಿ ಒಂದಕ್ಷರ ಬದಲಾಗಲಿಲ್ಲ. 103ರಲ್ಲೂ ನಡೆಯುವ ಕೆಲಸವಾದರೆ 850 ಏಕೆ ಬೇಕಿತ್ತು? 850 ಬೇಕೇ ಬೇಕಾಗಿದ್ದರೆ 103ರಲ್ಲಿ ಮುಂದುವರಿದದ್ದು ಯಾವುದು? ನಿಮ್ಮ ಪ್ರಬಂಧದ ಮಾರ್ಗದರ್ಶಕರೂ ಇದನ್ನೇ ಕೇಳುತ್ತಿದ್ದರು.

ಮೊದಲ ಯೋಜನೆ, ಅಂದರೆ ಜಾರ್ಪಾ, ಸುಮಾರು 6,700 ಮಿಂಕೆಗಳನ್ನು ಕೊಂದು 2005ರಲ್ಲಿ ಮುಗಿಯಿತು. ಅದರ ಅಂತಿಮ ಪರಾಮರ್ಶೆ ನಡೆಯುವ ಮೊದಲೇ, ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಎರಡನೆಯದನ್ನು ಆರಂಭಿಸಿದರು. ಹಿಂದಿನದರ ಫಲಿತಾಂಶಕ್ಕೆ ಕಾಯದವರು ಮುಂದಿನದರ ಗಾತ್ರವನ್ನು ಯಾವ ಆಧಾರದ ಮೇಲೆ ನಿಗದಿ ಮಾಡಿದರು? ಜಪಾನ್ ತಾನೇ ಕರೆಸಿದ್ದ ನಾರ್ವೆಯ ತಜ್ಞ ಲಾರ್ಸ್ ವಾಲ್ಯೊ ಅವರೂ ಮಾದರಿ ಗಾತ್ರದ ಲೆಕ್ಕವನ್ನು ಜಪಾನೀ ವಿಜ್ಞಾನಿಗಳು ಯಾವಾಗಲೂ ಸ್ಪಷ್ಟವಾಗಿ ವಿವರಿಸಿಲ್ಲ ಎಂದು ಒಪ್ಪಿಕೊಂಡರು. ನನ್ನ ಮಟ್ಟಿಗೆ ಮೊಕದ್ದಮೆ ತಿರುಗಿದ್ದು ಅಲ್ಲಿಯೇ. ಸ್ವಂತ ಸಾಕ್ಷಿಯ ಪಾಟೀಸವಾಲಿನಲ್ಲಿ ಕುಸಿದದ್ದನ್ನು ಯಾವ ಲಿಖಿತ ವಾದವೂ ಎತ್ತಿ ನಿಲ್ಲಿಸುವುದಿಲ್ಲ.

ಅನಘಾ: ಧನ್ಯವಾದ ಮೇಡಂ. ಕೊಲ್ಲದೆ ಮಾಡಬಹುದಾದ ವಿಧಾನಗಳನ್ನು ಅವರು ಪರಿಶೀಲಿಸಿದ್ದರೇ?

ಶಾರದಾ: ಪರಿಶೀಲಿಸಿದ್ದಕ್ಕೆ ದಾಖಲೆ ತೋರಿಸಲು ಆಗಲಿಲ್ಲ. ಅದೂ ತೀರ್ಪಿನಲ್ಲಿ ತೂಗಿತು.

ಸುರೇಶ: ಮೇಡಂ, ನ್ಯಾಯಾಲಯ ಬೇಟೆ ನಿಷೇಧಿಸಿದ ಮೇಲೂ ಜಪಾನ್ ಹೇಗೆ...

ಶಾರದಾ: ಮೊದಲ ಉತ್ತರ ನೋಡಿ.

ಇರ್ಫಾನ್: ನಾಲ್ವರು ಭಿನ್ನಮತದವರು ಯಾರು? ಭಾರತದ ನ್ಯಾಯಾಧೀಶರು ಯಾವ ಕಡೆ?

ಶಾರದಾ: ಒವಾಡ, ಅಬ್ರಹಾಂ, ಬೆನ್ನೂನಾ, ಯೂಸುಫ್. ದಲ್ವೀರ್ ಭಂಡಾರಿ ಬಹುಮತದ ಕಡೆ, ಪ್ರತ್ಯೇಕ ಅಭಿಪ್ರಾಯ ಬರೆದರು.

ಶ್ರೀಪಾದ: ಎಲ್ಲರೂ ಜಪಾನಿನ ಮೇಲೆಯೇ ಬೀಳುತ್ತೀರಿ. ಮೊಕದ್ದಮೆ ಹೂಡಿದ ಆಸ್ಟ್ರೇಲಿಯಾ 1978ರವರೆಗೆ ತಾನೇ ತಿಮಿಂಗಿಲ ಕೊಲ್ಲುತ್ತಿತ್ತು. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳನ್ನು ಬರಿದು ಮಾಡಲು ಮೊದಲು ಹೊರಟವರು ನಾರ್ವೆ ಮತ್ತು ಬ್ರಿಟನ್. ಈಗ ಬುದ್ಧಿ ಹೇಳುತ್ತಾರೆ.

ವಸುಧಾ: ಅವರು ಮಾಡಿದ್ದು ಇವರಿಗೆ ಪರವಾನಗಿಯೇ? ಸಂಪ್ರದಾಯ ಎನ್ನುತ್ತಾರೆ. ಕರಾವಳಿಯ ಬೇಟೆ ಹಳೆಯದು, ಒಪ್ಪುತ್ತೇನೆ. ಜಪಾನೀ ಹಡಗುಗಳು ಅಂಟಾರ್ಕ್ಟಿಕಕ್ಕೆ ಹೋದದ್ದೇ 1930ರ ದಶಕದಲ್ಲಿ. ಯಾರ ಅಜ್ಜನ ಸಂಪ್ರದಾಯ ಅದು?

ಶ್ರೀಪಾದ: ಯುದ್ಧದ ನಂತರ 1946ರಲ್ಲಿ ಮತ್ತೆ ಅಲ್ಲಿಗೆ ಕಳುಹಿಸಿದ್ದು ಆಗ ಜಪಾನಿನ ಆಡಳಿತ ನಡೆಸುತ್ತಿದ್ದ ಅಮೆರಿಕದ ಸೇನಾಪತಿ ಮ್ಯಾಕ್‌ಆರ್ಥರ್. ಹಸಿದ ದೇಶಕ್ಕೆ ಮಾಂಸ ಬೇಕಿತ್ತು. ಅದನ್ನೂ ಓದಿ.

ಇರ್ಫಾನ್: ಇಬ್ಬರೂ ಸೋವಿಯತ್ ಒಕ್ಕೂಟವನ್ನು ಮರೆತಿರಿ. ದಕ್ಷಿಣ ಗೋಳಾರ್ಧದಲ್ಲಿ 2,710 ಹಂಪ್‌ಬ್ಯಾಕ್ ಕೊಂದೆವೆಂದು ಆಯೋಗಕ್ಕೆ ವರದಿ ಕೊಟ್ಟರು, ನಿಜವಾಗಿ ಕೊಂದದ್ದು 48 ಸಾವಿರಕ್ಕೂ ಹೆಚ್ಚು. ಲೋಕಕ್ಕೆ ತಿಳಿದದ್ದು 1990ರ ದಶಕದಲ್ಲಿ.

ವಸುಧಾ: ಜಪಾನ್ ನೆರವಿನ ಆಮಿಷ ಒಡ್ಡಿ ಮತ ಕೊಂಡುಕೊಂಡಿತು ಎಂಬ ಆರೋಪಕ್ಕೆ ಏನೆನ್ನುತ್ತೀರಿ ಶ್ರೀಪಾದ ಅವರೇ? ಸಮುದ್ರವೇ ಇಲ್ಲದ ಮಂಗೋಲಿಯಾಕ್ಕೆ ತಿಮಿಂಗಿಲ ಆಯೋಗದಲ್ಲಿ ಏನು ಕೆಲಸ?

ಶ್ರೀಪಾದ: ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಿಗೆ ಯಾವ ಸಮುದ್ರವಿದೆ? ಅವರು ನಿಮ್ಮ ಕಡೆಯವರಾದರೆ ಆಕ್ಷೇಪವಿಲ್ಲವೇ?

ಶಾರದಾ: ಇಬ್ಬರೂ ನಿಲ್ಲಿಸಿ, ಇಲ್ಲಿ ಉಳಿದವರೂ ಇದ್ದಾರೆ. ಮತಗಳ ವಿಷಯ ಬಂದದ್ದರಿಂದ ಹೇಳುತ್ತೇನೆ. 2006ರಲ್ಲಿ ಸೇಂಟ್ ಕಿಟ್ಸ್‌ನಲ್ಲಿ ನಡೆದ ಆಯೋಗದ ಸಭೆಯಲ್ಲಿ ಬೇಟೆಯ ಪರ ದೇಶಗಳು, ತಡೆ ಇನ್ನು ಅಗತ್ಯವಿಲ್ಲ ಎಂಬ ಘೋಷಣೆಯನ್ನು 33-32ರಿಂದ ಗೆದ್ದವು. ಅದರಿಂದ ಕಾನೂನಿನಲ್ಲಿ ಏನೂ ಬದಲಾಗಲಿಲ್ಲ, ತಡೆ ತೆಗೆಯಲು ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಆದರೆ ಜಪಾನಿನ ಒಂದು ದೂರಿನಲ್ಲಿ ಹುರುಳಿದೆ. 1982ರ ತಡೆ ಶಾಶ್ವತ ಎಂದು ಯಾರೂ ಬರೆಯಲಿಲ್ಲ. 1990ರೊಳಗೆ ಸಂಖ್ಯೆಗಳನ್ನು ಸಮಗ್ರವಾಗಿ ಪರಿಶೀಲಿಸಿ ಹೊಸ ಮಿತಿಗಳನ್ನು ಪರಿಗಣಿಸಬೇಕು ಎಂದು ಅದರಲ್ಲೇ ಇದೆ. ಮಿತಿ ಲೆಕ್ಕ ಹಾಕುವ ಸೂತ್ರವನ್ನು ಆಯೋಗದ ವಿಜ್ಞಾನಿಗಳು ಸಿದ್ಧಪಡಿಸಿದರು, 1994ರಲ್ಲಿ ಆಯೋಗ ಅದನ್ನು ಒಪ್ಪಿಯೂ ಒಪ್ಪಿತು. ಬಳಸಲಿಲ್ಲ. 2018ರಲ್ಲಿ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್‌ನಲ್ಲಿ ವಾಣಿಜ್ಯ ಬೇಟೆಗೆ ಅವಕಾಶ ಕೇಳಿದ ಜಪಾನಿನ ಕೊನೆಯ ಪ್ರಸ್ತಾಪ 27-41ರಲ್ಲಿ ಬಿತ್ತು, ಆ ಡಿಸೆಂಬರ್‌ನಲ್ಲಿ ಅದು ಹೊರನಡೆಯುವುದಾಗಿ ಪ್ರಕಟಿಸಿತು. ತಿಮಿಂಗಿಲದ ಮೇಲಿನ ಪ್ರೀತಿಯಿಂದ ಒಡಂಬಡಿಕೆಯ ಅಕ್ಷರವನ್ನು ಪಕ್ಕಕ್ಕಿಟ್ಟರೆ, ಎದುರಾಳಿಯೂ ಅಕ್ಷರವನ್ನು ತನಗೆ ಬೇಕಾದಂತೆ ಓದುತ್ತಾನೆ.

ವಸುಧಾ: ಅಂದರೆ ನೀವು ಜಪಾನಿನ ಪರ.

ಶಾರದಾ: ನಾನು ಓದಿದ್ದನ್ನು ಹೇಳುವವಳು.

ಪ್ರಿಯಾಂಕಾ: ತಿಮಿಂಗಿಲಕ್ಕೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯ ಸ್ಥಾನ ಕೊಡಲು ಸಾಧ್ಯವೇ ಮೇಡಂ?

ಗಿರೀಶ: ಆಸ್ಟ್ರೇಲಿಯಾ ಮತ್ತೆ ದಾವೆ ಹೂಡಬಹುದೇ?

ಶಾರದಾ: ಗಿರೀಶ ಅವರೇ, ಅದೇ ನ್ಯಾಯಾಲಯದಲ್ಲಿ ಕಷ್ಟ. ಅಲ್ಲಿ ದೇಶಗಳು ಮುಂಚಿತವಾಗಿ ಒಪ್ಪಿದ್ದರೆ ಮಾತ್ರ ವಿಚಾರಣೆ. ಸೋತ ಮರುವರ್ಷ, 2015ರ ಅಕ್ಟೋಬರ್‌ನಲ್ಲಿ, ಸಮುದ್ರದ ಜೀವಸಂಪತ್ತಿನ ಸಂಶೋಧನೆ, ಸಂರಕ್ಷಣೆ, ಬಳಕೆಗೆ ಸಂಬಂಧಿಸಿದ ವ್ಯಾಜ್ಯಗಳನ್ನು ಜಪಾನ್ ತನ್ನ ಒಪ್ಪಿಗೆಯಿಂದ ಹೊರಗಿಟ್ಟಿತು. ಆಮೇಲೆ ವರ್ಷಕ್ಕೆ 333 ಮಿಂಕೆಯ ಹೊಸ ಯೋಜನೆಯೊಂದಿಗೆ ಅಂಟಾರ್ಕ್ಟಿಕಕ್ಕೆ ಮರಳಿತು. ಉಳಿದಿರುವುದು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ. ಅದರ 65ನೇ ವಿಧಿಯಂತೆ ತಿಮಿಂಗಿಲಗಳ ವಿಷಯದಲ್ಲಿ ದೇಶಗಳು ‘ಸೂಕ್ತ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ’ ಕೆಲಸ ಮಾಡಬೇಕು. ಆಯೋಗದಲ್ಲಿ ವೀಕ್ಷಕನಾಗಿ ಕುಳಿತರೆ ಅಷ್ಟು ಸಾಕೇ ಎಂಬುದರ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಸಾಲದು ಎಂಬುದು ನನ್ನ ಮತ. ಆದರೆ ಜಪಾನ್ ಈಗ ತನ್ನದೇ 200 ನಾಟಿಕಲ್ ಮೈಲಿಯ ವಲಯದೊಳಗೆ ಬೇಟೆಯಾಡುತ್ತಿದೆ. ಆ ವಲಯದ ಜೀವಸಂಪತ್ತಿನ ಮೇಲಿನ ಹಕ್ಕುಗಳ ವ್ಯಾಜ್ಯವನ್ನು ಕಡ್ಡಾಯ ವಿಚಾರಣೆಗೆ ಎಳೆಯಲು ಅದೇ ಒಡಂಬಡಿಕೆ ಅಡ್ಡ ನಿಲ್ಲುತ್ತದೆ. 2024ರಲ್ಲಿ ಫಿನ್ ತಿಮಿಂಗಿಲವನ್ನೂ ಪಟ್ಟಿಗೆ ಸೇರಿಸಿದರು, ಕಂಗೆಯ್ ಮಾರು ಎಂಬ ಹೊಸ ಮುಖ್ಯ ಹಡಗನ್ನೂ ಕಟ್ಟಿದರು. ಸದ್ಯಕ್ಕೆ ನಿಲ್ಲಿಸುವ ಲಕ್ಷಣ ಇದಲ್ಲ.

ಚಂದ್ರಕಾಂತ: *ಫಾರ್ವರ್ಡ್* ತಿಮಿಂಗಿಲ ಬೇಟೆ ವಿರೋಧಿ ಹೋರಾಟಗಾರ ಪಾಲ್ ವಾಟ್ಸನ್ ಅವರನ್ನು ಜಪಾನ್ ಜೈಲಿನಲ್ಲಿ ಹಿಂಸಿಸುತ್ತಿದ್ದಾರೆ, ತಕ್ಷಣ ಪ್ರಧಾನಿಗೆ ಮಿಂಚಂಚೆ ಕಳುಹಿಸಿ!

ಶಾರದಾ: ಜಪಾನಿನ ಕೋರಿಕೆಯಂತೆ ಅವರನ್ನು ಬಂಧಿಸಿದ್ದು ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್‌ನ ನೂಕ್‌ನಲ್ಲಿ, 2024ರ ಜುಲೈನಲ್ಲಿ. ಹಸ್ತಾಂತರಿಸಲು ಡೆನ್ಮಾರ್ಕ್ ಒಪ್ಪಲಿಲ್ಲ, ಡಿಸೆಂಬರ್‌ನಲ್ಲಿ ಬಿಟ್ಟರು. ಆ ಬಂಧನದಲ್ಲಿ ಅವರು ಜಪಾನಿನ ನೆಲ ಮುಟ್ಟಲೇ ಇಲ್ಲ. ಚಂದ್ರಕಾಂತ ಅವರೇ, ಇನ್ನೊಂದು ಬಂದರೆ ನಾನು ಎದ್ದು ಹೋಗುತ್ತೇನೆ.

ಲತಾ: ನ್ಯಾಯಾಲಯ ನಿಷೇಧಿಸಿದ್ದರೂ ಐಸ್‌ಲ್ಯಾಂಡ್ ಏಕೆ...

ಶಾರದಾ: ನಿಷೇಧಿಸಿಲ್ಲ. ಮೇಲೆ ನೋಡಿ. ಐಸ್‌ಲ್ಯಾಂಡ್ 1982ರಲ್ಲಿ ಆಕ್ಷೇಪಿಸಲಿಲ್ಲ, 1992ರಲ್ಲಿ ಹೊರಬಿದ್ದಿತು, 2002ರಲ್ಲಿ ತಡೆಯನ್ನು ಒಪ್ಪುವುದಿಲ್ಲ ಎಂಬ ಷರತ್ತಿನೊಂದಿಗೆ ಒಳಬಂದಿತು.

ವಸುಧಾ: ಹೊರಗೆ ಹೋಗಿ ಷರತ್ತು ಹಾಕಿಕೊಂಡು ಒಳಗೆ ಬರುವುದು ಮೋಸವಲ್ಲವೇ?

ಶ್ರೀಪಾದ: ಸೇರಿಸಿಕೊಂಡವರು ಮತ ಹಾಕಿಯೇ ಸೇರಿಸಿಕೊಂಡರು. ಮೋಸ ಯಾರದು?

ಶಾರದಾ: ನನ್ನ ಸಮಯ ಮುಗಿಯಿತು. ಅನಘಾ, ತೀರ್ಪಿನಲ್ಲಿ ಮಾದರಿ ಗಾತ್ರದ ಭಾಗವನ್ನು ಪೂರ್ತಿ ಓದಿ. ನಿಮ್ಮ ವಿಷಯದವರಿಗೆ ಅಲ್ಲಿ ಕೆಲಸವಿದೆ.

ಪ್ರಿಯಾಂಕಾ: ಮೇಡಂ, ನನ್ನ ಪ್ರಶ್ನೆ?

ವಸುಧಾ: ಶ್ರೀಪಾದ ಅವರೇ, ಆ ಮತ 19-18 ಆಗಿತ್ತು, ಅದರಲ್ಲಿ ಐಸ್‌ಲ್ಯಾಂಡ್ ತನ್ನ ಮತವನ್ನೂ ತಾನೇ ಹಾಕಿಕೊಂಡಿತ್ತು. ಅದನ್ನೂ ಹೇಳಿ.